ಕಡಲ ದಾರಿ, ಪುಸ್ತಕದ ಬುತ್ತಿ

ಬೇಸಗೆಯ ರಜೆ ಬಂತೆಂದರೆ ಮುಂಬಯಿಯ ಕನ್ನಡ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: “ಊರಿಗೆ ಯಾವಾಗ?” ಮಾತುಂಗಾದವರಿರಲಿ, ಡೊಂಬಿವಲಿಯವರಿರಲಿ, ಏಪ್ರಿಲ್ ಮುಗಿಯುವುದರೊಳಗೆ ಅಟ್ಟದ ಮೇಲಿನ ಪೆಟ್ಟಿಗೆಯನ್ನು ಕೆಳಗಿಳಿಸದ ಮನೆ ಅಪರೂಪ. 1998ರಲ್ಲಿ ಕೊಂಕಣ ರೈಲು ಪೂರ್ತಿ ದಾರಿ ಓಡತೊಡಗಿದ ಮೇಲಂತೂ ಕರಾವಳಿಯವರಾದ ನಮಗೆ ಪ್ರಯಾಣ ಬಲು ಸುಲಭವಾಯಿತು. ಮಧ್ಯಾಹ್ನ ಕುರ್ಲಾದಲ್ಲಿ ಗಾಡಿ ಹತ್ತಿ, ಬುತ್ತಿ ಬಿಚ್ಚಿ ಉಂಡು ಮಲಗಿದರೆ ಬೆಳಗಾಗುವಾಗ ಊರು ಸಮೀಪಿಸಿರುತ್ತದೆ.

ಈ ಸುಲಭದಲ್ಲಿ ಒಂದು ನಷ್ಟವೂ ಉಂಟು. ಗಾಡಿ ಕಾಳೀ ನದಿಯನ್ನು ದಾಟಿ ಕನ್ನಡ ನಾಡನ್ನು ಹೊಗುವುದು ನಡುರಾತ್ರಿಯಲ್ಲಿ. ಅಂಕೋಲಾ, ಕುಮಟಾ, ಹೊನ್ನಾವರಗಳೆಲ್ಲ ನಮ್ಮ ಮಕ್ಕಳ ಪಾಲಿಗೆ ನಿದ್ದೆಯಲ್ಲಿಯೇ ಕಳೆದುಹೋಗುವ ಊರುಗಳು. ಅವರು ಕಣ್ಣು ಬಿಟ್ಟಾಗ ಕಾಣುವುದು ಅಜ್ಜಿಯ ಮನೆಯ ಅಂಗಳ. ಅನಂತರ ಎರಡು ಮದುವೆ, ಒಂದು ಗೃಹಪ್ರವೇಶ, ನಾಲ್ಕು ಮನೆಗಳ ಊಟ. ಮತ್ತೆ ಗಾಡಿ, ಮತ್ತೆ ರಾತ್ರಿ, ಮತ್ತೆ ಕುರ್ಲಾ. ಇಷ್ಟನ್ನೇ ಹತ್ತು ವರ್ಷ ಮಾಡಿದ ಮಗುವಿಗೆ ತನ್ನ ಕರಾವಳಿ ಒಂದು ಅಂಗಳದಷ್ಟೇ ಅಗಲವಾಗಿ ಉಳಿದರೆ ತಪ್ಪು ಮಗುವಿನದಲ್ಲ.

ಆದಕಾರಣ 2025ರ ಏಪ್ರಿಲ್ ಕೊನೆಯಲ್ಲಿ, ಮಕ್ಕಳ ಪರೀಕ್ಷೆ ಮುಗಿಯುತ್ತಲೇ, ನಾವು ಕಾರಿನಲ್ಲಿ ಹೊರಟೆವು. ಮಂದಿ ಐವರು: ನಾವಿಬ್ಬರು, ಹದಿಮೂರರ ಮಗ, ಒಂಬತ್ತರ ಮಗಳು, ಎಪ್ಪತ್ತು ದಾಟಿದ ಅಜ್ಜಿ. ಅಜ್ಜಿಯ ತವರು ಕುಂದಾಪುರದ ಕಡೆ. ಹೊರಡುವ ಮುನ್ನ ಒಂದು ಕರಾರು ಮಾಡಿಕೊಂಡಿದ್ದೆವು. ದಿನಕ್ಕೊಂದು ಊರು, ಒಂದು ಕಡಲದಂಡೆ, ಒಂದು ಪುಸ್ತಕದಂಗಡಿ. ದಂಡೆಯಲ್ಲಿ ಮಕ್ಕಳು ಹೇಳಿದಷ್ಟು ಹೊತ್ತು. ಅಂಗಡಿಯಲ್ಲಿ ನಾವು ಹೇಳಿದಷ್ಟು ಹೊತ್ತು. ಮಗ ಅಂಗಡಿಯ ಪಾಲನ್ನು ಅರ್ಧ ಗಂಟೆಗೆ ಇಳಿಸಿ ಒಪ್ಪಿಕೊಂಡನು. ಅಜ್ಜಿ ಮಾತ್ರ, “ಪುಸ್ತಕಕ್ಕಾಗಿ ಊರೂರು ತಿರುಗುವವರನ್ನು ನಾನು ಕಂಡಿಲ್ಲ” ಎಂದರು.

ಸಮುದ್ರ ಮುಂಬಯಿಯಲ್ಲಿಯೂ ಇದೆ. ಜುಹೂವಿಗೆ ಹೋಗಲು ರಜೆ ಬೇಕಾಗಿಲ್ಲ. ಮುಂಬಯಿಯಲ್ಲಿ ಸಿಗದೆ ಇರುವುದು ಬೇರೆಯೇ ಇದೆ. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಮಾತನಾಡುತ್ತಾರೆ. ಅಜ್ಜಿಯೊಡನೆ ಜಗಳವನ್ನೂ ಕನ್ನಡದಲ್ಲಿಯೇ ಆಡುತ್ತಾರೆ. ಆದರೆ ಓದಲಾರರು. ಶಾಲೆಯಲ್ಲಿ ಇಂಗ್ಲಿಷು, ಹಿಂದಿ, ಮರಾಠಿ. ಕನ್ನಡದ ಅಕ್ಷರ ಕಣ್ಣಿಗೆ ಬೀಳುವುದು ಮದುವೆಯ ಕರೆಯೋಲೆಯಲ್ಲಿ ಮತ್ತು ಗೋಡೆಯ ಪಂಚಾಂಗದಲ್ಲಿ. ಇದು ನಮ್ಮ ಮನೆಯೊಂದರ ಕಥೆಯಲ್ಲ. ಪುಣೆ, ಚೆನ್ನೈ, ದೆಹಲಿಗಳ ವಾಚಕರೂ ತಲೆಯಾಡಿಸುವರೆಂದು ಬಲ್ಲೆವು. ಓದು ಬಾರದ ಭಾಷೆ ಅಡುಗೆಮನೆಯಲ್ಲಿ ಬದುಕುತ್ತದೆ. ಅಲ್ಲಿಯ ಹಿರಿಯರು ಹೋದ ದಿನ ಅದೂ ಹೊರಡಲು ಅಣಿಯಾಗುತ್ತದೆ.

ಪನವೇಲಿನಿಂದ ಕನ್ಯಾಕುಮಾರಿಯವರೆಗಿನ ಹೆದ್ದಾರಿಗೆ ಈಗ 66ರ ಸಂಖ್ಯೆ. ಹಳಬರು ಇನ್ನೂ ಹದಿನೇಳು ಎಂದೇ ಕರೆಯುತ್ತಾರೆ. ಮುಂಬಯಿಯಿಂದ ಮಂಗಳೂರಿಗೆ ಈ ದಾರಿಯಲ್ಲಿ ಸುಮಾರು 900 ಕಿಲೋಮೀಟರು. ಬೆಳಗಿನ ನಾಲ್ಕಕ್ಕೆ ಹೊರಟೆವು. ಮಹಾಡ, ಚಿಪಳೂಣ, ರಾಜಾಪುರ ದಾಟಿ ಸಾವಂತವಾಡಿ ಸೇರುವ ಹೊತ್ತಿಗೆ ಐವರ ಬೆನ್ನೂ ತನ್ನ ತನ್ನ ಅಭಿಪ್ರಾಯ ಹೇಳತೊಡಗಿತ್ತು. ಅಲ್ಲಿ ರಾತ್ರಿ ತಂಗಿ, ಮಾರನೆಯ ಬೆಳಿಗ್ಗೆ ಮಾಂಡೋವಿ, ಜುವಾರಿ ನದಿಗಳನ್ನು ದಾಟಿ ಗೋವೆಯನ್ನು ಹಿಂದೆ ಹಾಕಿದೆವು. ಹೊಳೆ ಬಂದಲ್ಲೆಲ್ಲ ಅಜ್ಜಿ ಕೈಮುಗಿದರು.

ಕಾರವಾರದ ಕಾಳೀ ಸೇತುವೆಯ ಮೇಲೆ ಎಲ್ಲರೂ ಒಮ್ಮೆ ಮೌನವಾದೆವು. ಪಕ್ಕದ ಹಳೆಯ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದು, ಅದರ ಮೇಲಿದ್ದ ಲಾರಿಯೊಂದು ಹೊಳೆಗೆ ಬಿದ್ದಿತ್ತು. ಚಾಲಕನು ಬದುಕಿಕೊಂಡನು. ಅದೇ ವರ್ಷದ ಜುಲೈ 16ರಂದು ಅಂಕೋಲೆಯ ಬಳಿ ಶಿರೂರಿನಲ್ಲಿ ಗುಡ್ಡ ಜರಿದು ಇದೇ ಹೆದ್ದಾರಿಯ ಮೇಲೆ ಜನ ಮಣ್ಣುಪಾಲಾದರು. ಈ ದಾರಿ ಬೇಸಗೆಯಲ್ಲಿ ಸೊಗಸು. ಮಳೆಗಾಲದಲ್ಲಿ ಮಕ್ಕಳನ್ನು ಕರೆದುಕೊಂಡು ಇಲ್ಲಿ ಸಾಹಸಕ್ಕಿಳಿಯತಕ್ಕದ್ದಲ್ಲ.

ಸೇತುವೆ ದಾಟಿದೊಡನೆ ಪಾಠ ಮೊದಲಾಯಿತು. ಪಾಠದ ಪುಸ್ತಕ ಯಾವುದೆಂದರೆ ರಸ್ತೆಯ ಬದಿಯ ಊರಿನ ಫಲಕಗಳು. ದೇವನಾಗರಿ ಬಲ್ಲ ಮಗುವಿಗೆ ಕನ್ನಡದ ಅಕ್ಷರಮಾಲೆ ಹೊಸತೇನೂ ಅಲ್ಲ. ಅದೇ ಕ ಖ ಗ ಘ, ಅದೇ ಕ್ರಮ, ಅದೇ ಕಾಗುಣಿತ. ಮರಾಠಿ ಕಲಿತವರಿಗೆ ನಮ್ಮ ಳಕಾರವೂ ನಾಲಗೆಯ ಮೇಲೆಯೇ ಇದೆ. ಬದಲಾಗುವುದು ಅಕ್ಷರದ ಅಂಗಿ ಮಾತ್ರ. ಇನ್ನು ಕರಾವಳಿಯ ಊರುಗಳೋ, ಯಾರೋ ಉಪಾಧ್ಯಾಯರು ಕುಳಿತು ಪಾಠಕ್ಕೆಂದೇ ಜೋಡಿಸಿದಂತಿವೆ. ಮೊದಲು ಬರುವ ಕಾರವಾರದಲ್ಲಿ ಒತ್ತಕ್ಷರವೇ ಇಲ್ಲ, ಇರುವುದು ದೀರ್ಘ ಒಂದೇ. ಅಂಕೋಲಾದಲ್ಲಿ ಸೊನ್ನೆ ಬರುತ್ತದೆ. ಗೋಕರ್ಣದಲ್ಲಿ ಅರ್ಕಾವೊತ್ತು. “ಗೋಕಣ, ಆಮೇಲೆ ಒಂದು ಕೊಕ್ಕೆ” ಎಂದು ಮಗಳು ಓದಿದಳು. ದೇವನಾಗರಿಯಲ್ಲಿ ರೇಫ ಅಕ್ಷರದ ತಲೆಯ ಮೇಲೆ ಕುಳಿತಿದ್ದರೆ ನಮ್ಮಲ್ಲಿ ಅದು ಪಕ್ಕದಲ್ಲಿ ನಿಂತಿರುತ್ತದೆ. ನಿಂತಿರುವುದು ಹಿಂದೆ, ಉಚ್ಚಾರ ಮಾತ್ರ ಮೊದಲು. ಹೊನ್ನಾವರವನ್ನು ಅವಳು “ಹೋನ್ನಾವರ” ಎಂದಳು. ಹಿಂದಿ ಮರಾಠಿಗಳ ಬರಹದಲ್ಲಿ ಇಲ್ಲದ ಹ್ರಸ್ವ ಎ, ಹ್ರಸ್ವ ಒ ನಮ್ಮಲ್ಲಿ ಉಂಟೆಂಬುದನ್ನು ಹೇಳಲು ಇದಕ್ಕಿಂತ ಒಳ್ಳೆಯ ಊರು ಬೇಕೆ? ಭಟ್ಕಳದಲ್ಲಿ ಟಕಾರಕ್ಕೆ ಕಕಾರದ ಒತ್ತು, ಬೈಂದೂರಿನಲ್ಲಿ ಐತ್ವ. ಇಷ್ಟೆಲ್ಲ ದಾಟಿದ ಮೇಲೆ ಉಡುಪಿ ಬಂದಾಗ ಮಗು ತಾನೇ ನಗುತ್ತ ಓದಿಬಿಡುತ್ತದೆ. ಮುನ್ನೂರು ಕಿಲೋಮೀಟರಿನೊಳಗೆ ಇಷ್ಟು ಅಚ್ಚುಕಟ್ಟಾದ ಬಾಲಬೋಧೆ ಬೇರೆಲ್ಲಿಯೂ ಸಿಕ್ಕಲಾರದು.

ಕಾರವಾರದ ಕಡಲದಂಡೆಗೆ ರವೀಂದ್ರನಾಥ ಠಾಕೂರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಕಾಲದಲ್ಲಿ, ಇಪ್ಪತ್ತೆರಡರ ಸುಮಾರಿನ ತಮ್ಮ ಬಂದು ಉಳಿದಿದ್ದರು. ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕವನ್ನು ಬರೆದದ್ದು ಇಲ್ಲಿ. ಬೆಳದಿಂಗಳಲ್ಲಿ ಕಾಳೀ ನದಿಯಲ್ಲಿ ದೋಣಿ ಹತ್ತಿ ಹೋದ ರಾತ್ರಿಯನ್ನು ಅವರು ತಮ್ಮ ನೆನಪಿನ ಬರಹದಲ್ಲಿ ಸ್ಮರಿಸಿದ್ದಾರೆ. ಬಂಗಾಲದ ಹುಡುಗನೊಬ್ಬನು ನಮ್ಮ ಕಡಲಿನಿಂದ ಒಂದು ನಾಟಕವನ್ನು ಪಡೆದುಕೊಂಡು ಹೋದನು. ನಮ್ಮ ಹುಡುಗರು ಚಪ್ಪಲಿಯಲ್ಲಿ ಮರಳನ್ನಷ್ಟೇ ತುಂಬಿಕೊಂಡು ಬರುತ್ತಾರೆ. ಮಗನಿಗೆ ನಾಟಕಕ್ಕಿಂತ ದಂಡೆಯ ಮೇಲೆ ನಿಲ್ಲಿಸಿರುವ ಯುದ್ಧನೌಕೆ ‘ಚಪಲ’ ರುಚಿಸಿತು. ಅದೂ ಸರಿಯೇ.

ಅಂಕೋಲೆಯಲ್ಲಿ ಎರಡು ವಿಷಯಗಳನ್ನು ಮಕ್ಕಳಿಗೆ ಹೇಳಿದೆವು. ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದ್ದು 1930ರ ಏಪ್ರಿಲ್ 6ರಂದು. ಒಂದು ವಾರ ಕಳೆದು, 13ರಂದು, ಅಂಕೋಲೆಯವರೂ ಉಪ್ಪಿನ ಕಾನೂನನ್ನು ಮುರಿದರು. ಎರಡನೆಯದು ದಿನಕರ ದೇಸಾಯಿಯವರ ಸುದ್ದಿ. ಈ ತಾಲೂಕಿನಲ್ಲಿ ಹುಟ್ಟಿ, ಮುಂಬಯಿಗೆ ಬಂದು, ಕಾರ್ಮಿಕರ ನಡುವೆ ದುಡಿದು, 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟನ್ನು ಕಟ್ಟಿ ತಮ್ಮ ಜಿಲ್ಲೆಯ ಹಳ್ಳಿಗಳಿಗೆ ಶಾಲೆಗಳನ್ನು ಕೊಟ್ಟವರು ಅವರು. ಮುಂಬಯಿಯಲ್ಲಿದ್ದೂ ಊರಿಗೆ ಏನು ಮಾಡಬಹುದೆಂಬುದಕ್ಕೆ ದೊಡ್ಡ ಮೇಲ್ಪಂಕ್ತಿ. ಅವರ ಚುಟುಕಗಳು ನಾಲ್ಕೇ ಸಾಲಿನವು. ಓದು ಕಲಿಯುತ್ತಿರುವ ಮಗುವಿಗೆ ನಾಲ್ಕು ಸಾಲಿಗಿಂತ ಸರಿಯಾದ ಅಳತೆ ಇಲ್ಲ: ಆಯಾಸವಾಗುವ ಮೊದಲೇ ಪದ್ಯ ಮುಗಿದು ನಗು ಬಂದಿರುತ್ತದೆ.

ಚುಟುಕದ ಪುಸ್ತಕವನ್ನು ಹುಡುಕಿಕೊಂಡು ಹೋದಾಗ ಸಣ್ಣ ಊರಿನ ಪುಸ್ತಕದಂಗಡಿಯ ನಿಜರೂಪ ತಿಳಿಯಿತು. ಒಂದು ಊರಿನಲ್ಲಿ ಅಂಗಡಿಯ ಮುಂಭಾಗವೆಲ್ಲ ಶಾಲೆಯ ನೋಟುಬುಕ್ಕು, ಪೆನ್ನು, ಪರೀಕ್ಷೆಯ ಗೈಡು. ಕಥೆ ಕಾದಂಬರಿ ಉಂಟೇ ಎಂದು ಕೇಳಿದರೆ ಅಂಗಡಿಯವರು ಸ್ಟೂಲು ಹಾಕಿ ಹತ್ತಿ ಮೇಲಿನ ಕಪಾಟಿನ ಧೂಳು ಕೊಡವಿದರು. “ಕೇಳುವವರು ಬರುವುದೇ ರಜೆಯಲ್ಲಿ, ಅದೂ ನಿಮ್ಮಂಥ ಪರಊರಿನವರು. ಊರವರಿಗೆ ಯಾವಾಗ ಬೇಕಾದರೂ ಸಿಗುತ್ತದಲ್ಲ, ಹಾಗಾಗಿ ಯಾವತ್ತೂ ಕೇಳುವುದಿಲ್ಲ” ಎಂದರು. ಇಪ್ಪತ್ತು ಇಪ್ಪತ್ತೈದು ಪುಸ್ತಕಗಳಿದ್ದವು. ಅವುಗಳ ನಡುವೆ ನಮಗೆ ಬೇಕಾದ ಚುಟುಕಗಳೂ ಇದ್ದವು. ಬೆಲೆ ಊಟದ ಬಿಲ್ಲಿಗಿಂತ ಕಡಿಮೆ. ಹೊರಗೆ ಬಂದಾಗ ಎದುರಿನ ಗಾಡಿಯಲ್ಲಿ ಕರಿ ಈಶಾಡ ಮಾವು. ಅಂಕೋಲೆಯ ಈ ಹಣ್ಣಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಸಿಪ್ಪೆ ತೆಳು, ತಿರುಳು ಧಾರಾಳ. ರತ್ನಾಗಿರಿಯ ಆಪೂಸಿಗೆ ಮಾರುಹೋಗಿರುವ ಮುಂಬಯಿಯವರು ಒಮ್ಮೆ ತಿಂದು ನೋಡಬೇಕು. ಚುಟುಕದ ಮೊದಲ ಪುಟದ ಮೇಲೆ ಅದರ ರಸದ ಕಲೆ ಇಂದಿಗೂ ಇದೆ.

ಗೋಕರ್ಣಕ್ಕೆ ತಿರುಗುವ ದಾರಿಯ ಆಚೀಚೆ ಇರುವ ಊರುಗಳು ನಮ್ಮಂಥವರಿಗೆ ವಿಶೇಷವಾಗಿ ಬೇಕಾದವು. ಯಶವಂತ ಚಿತ್ತಾಲರು ಹುಟ್ಟಿದ ಹನೇಹಳ್ಳಿ ಇಲ್ಲಿಯೇ. ಜಯಂತ ಕಾಯ್ಕಿಣಿಯವರ ಊರು ಗೋಕರ್ಣ. ಇಬ್ಬರೂ ಹೊಟ್ಟೆಪಾಡಿಗೆ ಮುಂಬಯಿಗೆ ಬಂದು ರಾಸಾಯನಿಕದ ಉದ್ಯಮದಲ್ಲಿ ದುಡಿದವರು. ಇಬ್ಬರೂ ಬಿಡುವಿನಲ್ಲಿ ಕಥೆ ಬರೆದವರು. ಚಿತ್ತಾಲರು ಬಾಂದ್ರಾದಲ್ಲಿ ಕುಳಿತು ಹನೇಹಳ್ಳಿಯನ್ನು ಬರೆದರು. 1979ರ ‘ಶಿಕಾರಿ’ಯಲ್ಲಿ ಮುಂಬಯಿಯನ್ನೂ ಬರೆದರು. ಕಾಯ್ಕಿಣಿಯವರ ಮುಂಬಯಿ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2018ರ ಸಾಲಿನ ದಕ್ಷಿಣ ಏಷ್ಯಾದ ಡಿ.ಎಸ್.ಸಿ. ಪ್ರಶಸ್ತಿ ಬಂತು. ಎಂದರೆ ನಮ್ಮ ಲೋಕಲ್ ಗಾಡಿ, ನಮ್ಮ ಚಾಳು, ನಮ್ಮ ಇರಾನಿ ಹೋಟೆಲು ಕನ್ನಡ ಸಾಹಿತ್ಯದೊಳಗೆ ಆಗಲೇ ಕುಳಿತಿವೆ. ಅವುಗಳ ನಡುವೆ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಅದನ್ನು ಓದಲು ಬಾರದು. ಊರು ಬಿಟ್ಟವರ ಮಕ್ಕಳು ಊರನ್ನು ಮರೆಯುವರೆಂದು ನಾವು ಹಲುಬುತ್ತೇವೆ. ಕನ್ನಡ ಓದದಿದ್ದರೆ ಅವರು ಕಳೆದುಕೊಳ್ಳುವುದು ಊರನ್ನಷ್ಟೇ ಅಲ್ಲ, ಕನ್ನಡದ ಕಣ್ಣಿನಲ್ಲಿ ಕಂಡ ತಮ್ಮ ಮುಂಬಯಿಯನ್ನೂ ಕೂಡ.

ಆ ಸಂಜೆ ದಂಡೆಯ ಮೇಲೆ ಚಾಪೆ ಹಾಸಿ, ಮನೆಯಿಂದ ಒಯ್ದಿದ್ದ ಚಿತ್ತಾಲರ ಕಥೆಯೊಂದನ್ನು ಗಟ್ಟಿಯಾಗಿ ಓದಿದೆವು. ಅಜ್ಜಿ ನಡುನಡುವೆ ಆ ಕಡೆಯ ಮಾತುಗಳಿಗೆ ಅರ್ಥ ಹೇಳಿದರು. ಮಗಳು ಕೇಳುತ್ತ ಕೇಳುತ್ತ ನಿದ್ದೆಹೋದಳು. ಮಗನು ಏಡಿ ಹಿಡಿಯಲು ಹೋದನು. ಎಲ್ಲ ಪ್ರಯೋಗವೂ ಮೊದಲ ದಿನವೇ ಫಲಿಸಬೇಕೆಂದಿಲ್ಲ.

ಕುಮಟೆಯ ಬಳಿ ಅಘನಾಶಿನಿ, ಹೊನ್ನಾವರದಲ್ಲಿ ಶರಾವತಿ. ಶರಾವತಿಯ ಆಚೆ ಕಾಸರಕೋಡಿನ ದಂಡೆ. ಕೇರಳದ ಕಾಸರಗೋಡು ಬೇರೆ, ಇದು ಬೇರೆ. ಉಡುಪಿಯ ದಕ್ಷಿಣಕ್ಕಿರುವ ಪಡುಬಿದ್ರಿಯಂತೆ ಇದಕ್ಕೂ 2020ರಲ್ಲಿ ಶುಚಿತ್ವ, ಸುರಕ್ಷತೆಗಳಿಗಾಗಿ ನೀಲಿ ಧ್ವಜದ ಮನ್ನಣೆ ಸಿಕ್ಕಿತು. ಮುಂದೆ ಮುರುಡೇಶ್ವರ, ಅಲ್ಲಿಯ ಎತ್ತರದ ಶಿವಮೂರ್ತಿ, ಇಪ್ಪತ್ತು ಅಂತಸ್ತಿನ ಗೋಪುರ. ಇಲ್ಲಿ ಹೆತ್ತವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. 2024ರ ಡಿಸೆಂಬರಿನಲ್ಲಿ ಶಾಲೆಯ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ದಂಡೆಗೆ ಬಂದ ತೆರೆಯ ನೀರು ಎಲ್ಲ ಕಡೆಯಿಂದಲೂ ಸಮನಾಗಿ ಹಿಂದಿರುಗುವುದಿಲ್ಲ. ಕೆಲವೆಡೆ ಒಂದೇ ಓಣಿಯಲ್ಲಿ ಕೂಡಿಕೊಂಡು ವೇಗವಾಗಿ ಕಡಲಿಗೆ ಹರಿಯುತ್ತದೆ. ತೆರೆ ಏಳದೆ ಶಾಂತವಾಗಿ ಕಾಣುವ ಜಾಗವೇ ಎಷ್ಟೋ ವೇಳೆ ಆ ಓಣಿಯಾಗಿರುತ್ತದೆ. ಅದರಲ್ಲಿ ಸಿಕ್ಕಿದವರು ದಡದತ್ತ ನೇರವಾಗಿ ಈಜಿ ಸೋಲುತ್ತಾರೆ; ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಓಣಿಯಿಂದ ಹೊರಬಿದ್ದು, ಅನಂತರ ದಡದತ್ತ ತಿರುಗಬೇಕು. ನಮ್ಮ ಮಕ್ಕಳು ನಗರದ ಕೊಳದಲ್ಲಿ ಈಜು ಕಲಿತವರು. ಕಡಲಿಗೆ ಆ ಸರ್ಟಿಫಿಕೇಟು ನಡೆಯುವುದಿಲ್ಲ. ಜೀವರಕ್ಷಕರಿರುವ ಜಾಗ, ಅವರು ಗುರುತು ಹಾಕಿದ ಎಲ್ಲೆ, ಮೊಣಕಾಲಿನಷ್ಟು ನೀರು: ಇದೇ ನಮ್ಮ ನಿಯಮವಾಗಿತ್ತು. ಮಗ ಮುಖ ಊದಿಸಿಕೊಂಡನು. ಊದಿದ ಮುಖ ಎರಡು ಗಂಟೆಗಳಲ್ಲಿ ಇಳಿಯುತ್ತದೆ.

ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ಹೊಳೆ. ಉಪ್ಪುನೀರೂ ಸಿಹಿನೀರೂ ಒಂದು ರಸ್ತೆಯಷ್ಟೇ ದೂರ. ಇಲ್ಲಿಂದ ಮುಂದಕ್ಕೆ ಅಜ್ಜಿಯ ರಾಜ್ಯ. ಒಂದು ಅಂಗಡಿಯಲ್ಲಿ ಒಳಗೆ ಕಾಲಿಟ್ಟೊಡನೆ ಅಂಗಡಿಯವರು, “ಹ್ವಾಯ್, ನಿಮ್ಗೆ ಯಾವೂರಾಯ್ತ್?” ಎಂದರು. ಅಜ್ಜಿಗೆ ಮುಂಬಯಿಯ ಮೂವತ್ತೈದು ವರ್ಷಗಳು ಒಂದೇ ಕ್ಷಣದಲ್ಲಿ ಕಳಚಿಬಿದ್ದವು. ಅವರ ಮಾತು ಮುಗಿಯುವವರೆಗೆ, ಎಂದರೆ ಮುಕ್ಕಾಲು ಗಂಟೆ, ಮಕ್ಕಳಿಗೆ ಪುಸ್ತಕ ನೋಡದೆ ಬೇರೆ ಗತಿಯಿರಲಿಲ್ಲ. ಅರ್ಧ ಗಂಟೆಯ ಕರಾರು ಮುರಿದದ್ದು ಹೀಗೆ. ಆಗ ಮಗನ ಕೈಗೆ ಸಿಕ್ಕಿದ್ದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೋಗುವವರ ಕಥೆ ಎಂದು ಹೇಳಿದ್ದೇ ತಡ, ಹುಳಹುಪ್ಪಟೆಗಳ ಹುಚ್ಚಿನ ಹುಡುಗ ಅದನ್ನು ಕೆಳಗಿಡಲಿಲ್ಲ. “ಆದರೆ ನನಗೆ ಓದಲು ಬರುವುದಿಲ್ಲವಲ್ಲ” ಎಂದನು. ಹದಿಮೂರು ವರ್ಷಗಳಲ್ಲಿ ಅವನು ಅದನ್ನು ದುಃಖದಿಂದ ಹೇಳಿದ್ದು ಅದೇ ಮೊದಲು.

ಕೋಟ ಶಿವರಾಮ ಕಾರಂತರ ಊರು. 1902ರಲ್ಲಿ ಹುಟ್ಟಿ 1997ರವರೆಗೆ ಬಾಳಿದ ಈ ಮಹನೀಯರು ಕಾದಂಬರಿಗಳಿಂದ ಜ್ಞಾನಪೀಠದವರೆಗೆ ಹೋದದ್ದು ಎಲ್ಲರಿಗೂ ತಿಳಿದಿದೆ. ನಮಗೆ ನೆನಪಾದದ್ದು ಇನ್ನೊಂದು ಕೆಲಸ. 1936ರಲ್ಲಿ, ಕನ್ನಡದ ಮಕ್ಕಳಿಗೆ ಜಗತ್ತಿನ ವಿಷಯವನ್ನೆಲ್ಲ ಕನ್ನಡದಲ್ಲಿಯೇ ತಿಳಿಸಬೇಕೆಂದು ಅವರು ‘ಬಾಲ ಪ್ರಪಂಚ’ವೆಂಬ ವಿಶ್ವಕೋಶವನ್ನು ಮೂರು ಸಂಪುಟಗಳಲ್ಲಿ ಹೊರತಂದರು. ಅಂದಿನ ಕರಾವಳಿಯಲ್ಲಿ ಅಂಥ ಪುಸ್ತಕವನ್ನು ಕೊಳ್ಳುವವರು ಎಷ್ಟು ಮಂದಿ ಇದ್ದಿರಬಹುದು? ಲೆಕ್ಕ ಹಾಕಿ ಕುಳಿತಿದ್ದರೆ ಅದು ಹುಟ್ಟುತ್ತಲೇ ಇರಲಿಲ್ಲ. ಮಗುವಿಗೆ ಓದಿಸಬೇಕೆಂಬ ಹಟ ಮೊದಲು, ಲೆಕ್ಕ ಆಮೇಲೆ. ಈ ಮಾತನ್ನು ಮಕ್ಕಳಿಗಲ್ಲ, ನಮಗೆ ನಾವೇ ಹೇಳಿಕೊಂಡೆವು.

ಉಡುಪಿಯಲ್ಲಿ ಎರಡು ದಿನ. ಮೊದಲು ಕೃಷ್ಣ ದರ್ಶನ, ಆಮೇಲೆ ಮಲ್ಪೆ, ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ. ಕಂಬ ಕಂಬವಾಗಿ ನಿಂತಿರುವ ಅಲ್ಲಿಯ ಬಂಡೆಗಳು ಕೋಟ್ಯಂತರ ವರ್ಷಗಳ ಹಿಂದೆ ಕುದಿಯುವ ಲಾವಾ ತಣಿದು ಬಿರಿದು ಆದವು. ಅವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ. ಮಳೆಗಾಲದಲ್ಲಿ ದೋಣಿಗಳು ಹೋಗುವುದಿಲ್ಲ. ರಾತ್ರಿ ತಂಗಿದಲ್ಲಿ ಅಜ್ಜಿ ‘ಕರ್ವಾಲೊ’ವನ್ನು ಕನ್ನಡಕವೇರಿಸಿ ಗಟ್ಟಿಯಾಗಿ ಓದತೊಡಗಿದರು. ಒಂದು ರಾತ್ರಿ ಕಥೆ ಒಳ್ಳೆಯ ಜಾಗಕ್ಕೆ ಬಂದಾಗ, “ಇನ್ನು ನಾಳೆ” ಎಂದು ಅಜ್ಜಿ ದೀಪ ಆರಿಸಿದರು. ಸ್ವಲ್ಪ ಹೊತ್ತಿನ ಮೇಲೆ ಫೋನಿನ ಬೆಳಕು ಕಂಡಿತು. ಆಟವಾಡುತ್ತಿರುವನೆಂದು ಗದರಲು ಹೋದರೆ ಹುಡುಗ ಪುಸ್ತಕದ ಮೇಲೆ ಬೆಳಕು ಹಿಡಿದು, ತಂಗಿಯು ಬರೆದಿಟ್ಟಿದ್ದ ಒತ್ತಕ್ಷರಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು, ಬೆರಳಿನಿಂದ ಅಕ್ಷರ ಹಿಡಿದು ಸಾಗುತ್ತಿದ್ದನು. ಅರ್ಧ ಗಂಟೆಗೆ ಮುಕ್ಕಾಲು ಪುಟ. ನಾವು ಸದ್ದಿಲ್ಲದೆ ಹಿಂದಕ್ಕೆ ಬಂದೆವು.

ಮಂಗಳೂರು ನಮ್ಮ ಯಾತ್ರೆಯ ಕೊನೆ. ಕನ್ನಡ ಅಚ್ಚಿನ ಚರಿತ್ರೆಯಲ್ಲಿ ಅದು ಮೊದಲ ಊರುಗಳ ಸಾಲಿನದು. ಬಾಸೆಲ್ ಮಿಶನ್ ಇಲ್ಲಿ 1841ರಲ್ಲಿ ಮುದ್ರಣಾಲಯವನ್ನು ತೆರೆಯಿತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಬಂದು ಕನ್ನಡದ ಮೊದಲ ಪತ್ರಿಕೆಯಾಯಿತು. ಅದಕ್ಕೆಂದೇ ಆ ದಿನ ನಮಗೆ ಪತ್ರಿಕಾ ದಿನ. 1894ರಲ್ಲಿ ಕಿಟೆಲ್ ಅವರ ದೊಡ್ಡ ನಿಘಂಟು ಹೊರಟದ್ದೂ ಇದೇ ಊರಿನಿಂದ. ಜರ್ಮನಿಯಿಂದ ಬಂದವರು ಬೆಳೆದ ವಯಸ್ಸಿನಲ್ಲಿ ಈ ಲಿಪಿಯನ್ನು ಕಲಿತು ನಿಘಂಟು ಬರೆದರೆಂದ ಮೇಲೆ, ದೇವನಾಗರಿ ಬಲ್ಲ ನಮ್ಮ ಮಕ್ಕಳಿಗೆ ಅದು ಕಷ್ಟವೆಂದು ಹೇಳಲು ನಮಗೆ ಬಾಯಿ ಬರಬಾರದು.

ಇಂಥ ಊರಿನಲ್ಲಿಯೂ ಪುಸ್ತಕದಂಗಡಿ ನಡೆಸುವುದು ಸುಲಭದ ಮಾತಲ್ಲ. ಹಲವು ದಶಕಗಳ ಕಾಲ ಓದುಗರ ಕೂಟದಂತಿದ್ದ ಅತ್ರಿ ಬುಕ್ ಸೆಂಟರು 2012ರಲ್ಲಿ ಬಾಗಿಲು ಮುಚ್ಚಿತು. ಆದರೂ ದೊಡ್ಡ ಅಂಗಡಿಗಳು ಮಂಗಳೂರಿನಲ್ಲಿ ಇಂದಿಗೂ ಉಂಟು, ಸಣ್ಣವೂ ಉಂಟು. ಮಕ್ಕಳ ಪುಸ್ತಕದ ಕಪಾಟಿನ ಮುಂದೆ ಮಗಳು ನೆಲದ ಮೇಲೆಯೇ ಕುಳಿತುಬಿಟ್ಟಳು. ಅಂಚೆಯಲ್ಲಿ ತರಿಸಿಕೊಳ್ಳಬಹುದಲ್ಲ, ಫೋನಿನಲ್ಲಿ ಒತ್ತಿದರೆ ಮನೆಗೇ ಬರುವುದಲ್ಲ, ಎಂದು ನೀವು ಕೇಳಬಹುದು. ಬೇಕಾದ ಪುಸ್ತಕದ ಹೆಸರು ಗೊತ್ತಿರುವ ದೊಡ್ಡವರಿಗೆ ಅದು ಸರಿ. ಆದರೆ ಓದಲು ಬಾರದ ಮಗು ಹೆಸರು ಹೇಳಿ ಏನನ್ನು ತರಿಸೀತು? ಅದಕ್ಕೆ ಪುಸ್ತಕವನ್ನು ತೆರೆದು, ಚಿತ್ರ ನೋಡಿ, ಮೂಸಿ, ಅಕ್ಷರ ದೊಡ್ಡದೋ ಸಣ್ಣದೋ ಎಂದು ಅಳೆದು, ನಾಲ್ಕನ್ನು ಬಿಟ್ಟು ಐದನೆಯದನ್ನು ಆರಿಸಬೇಕು. ಹಾಗೆ ತಾನೇ ಆರಿಸಿದ್ದನ್ನು ಅದು ಓದುತ್ತದೆ. ನಾವು ಆರಿಸಿಕೊಟ್ಟದ್ದು ಕಪಾಟಿನಲ್ಲಿ ನಿಲ್ಲುತ್ತದೆ.

ಲೆಕ್ಕ ಕೇಳುವವರಿಗೆ ಲೆಕ್ಕ: ಒಂಬತ್ತು ದಿನ, ಆರು ಅಂಗಡಿ, ಹನ್ನೊಂದು ಪುಸ್ತಕ, ಒಟ್ಟು 2,140 ರೂಪಾಯಿ. ದಾರಿಯಲ್ಲಿ ಒಂದು ರಾತ್ರಿ ತಂಗಿದ ವಸತಿಗೃಹಕ್ಕೆ ಇದಕ್ಕಿಂತ ಹೆಚ್ಚು ತೆತ್ತೆವು; ಅಲ್ಲಿ ಫ್ಯಾನು ಸದ್ದನ್ನಷ್ಟೇ ಕೊಟ್ಟಿತು, ಗಾಳಿಯನ್ನಲ್ಲ.

ಮುಂದಿನ ಬೇಸಗೆಗೆ ಹೊರಡುವವರಿಗೆ ಕೆಲವು ಸೂಚನೆಗಳು. ಆದಷ್ಟು ಬೇಗ ಹೊರಡಿ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳವನ್ನು ಮುಟ್ಟಿತು. ಮೇ ಎರಡನೆಯ ವಾರದೊಳಗೆ ಕಡಲಿನ ಕೆಲಸ ಮುಗಿಸುವುದು ಮೇಲು. ಮೀನು ತಿನ್ನುವವರು ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವೆಂಬುದನ್ನು ನೆನಪಿಡಿ. ನಡುಹಗಲು ಸೆಕೆಯಲ್ಲಿ ದಂಡೆಗೆ ಹೋಗದಿರಿ. ಆ ಹೊತ್ತು ಪುಸ್ತಕದಂಗಡಿಗೆ, ಸಂಜೆ ಕಡಲಿಗೆ. ಸಣ್ಣ ಊರಿನ ಅಂಗಡಿಗಳು ಮಧ್ಯಾಹ್ನ ಊಟಕ್ಕೆ ಮುಚ್ಚುವುದುಂಟು, ವಿಚಾರಿಸಿಕೊಂಡು ಹೋಗಿ. ಹೊರಡುವ ಒಂದು ತಿಂಗಳು ಮೊದಲೇ ವರ್ಣಮಾಲೆಯ ಹಾಳೆಯೊಂದನ್ನು ಮನೆಯ ಗೋಡೆಗೆ ಹಚ್ಚಿ, ದೇವನಾಗರಿಯ ಅಕ್ಷರವನ್ನು ಪಕ್ಕದಲ್ಲಿ ಬರೆದಿಡಿ. ಫಲಕ ಓದುವ ಕೆಲಸವನ್ನು ಮಕ್ಕಳಿಗೇ ಬಿಡಿ. ಫೋನಿನೊಳಗಿನ ನಕ್ಷೆ ತುಸು ಹೊತ್ತು ಬಾಯಿ ಮುಚ್ಚಿಕೊಂಡಿರಲಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಬಿಟ್ಟು ಹೋಗಬೇಡಿ. ಗಟ್ಟಿಯಾಗಿ ಓದಿ ಹೇಳಲು ಅವರಿಗಿರುವಷ್ಟು ತಾಳ್ಮೆ ನಮಗಿಲ್ಲ. ಒಳ್ಳೆಯ ಜಾಗದಲ್ಲಿ ನಿಲ್ಲಿಸುವ ಜಾಣ್ಮೆಯೂ ನಮಗಿಲ್ಲ.

ಊರಿನಿಂದ ಬರುವಾಗ ನಾವೆಲ್ಲರೂ ಹಪ್ಪಳ, ಉಪ್ಪಿನಕಾಯಿ, ಕುಚ್ಚಲಕ್ಕಿ ತರುತ್ತೇವೆ. ಜುಲೈ ಆಗುವುದರೊಳಗೆ ಅವು ಮುಗಿಯುತ್ತವೆ. ಒಬ್ಬೊಬ್ಬರು ಒಂದೊಂದು ಪುಸ್ತಕವನ್ನೂ ತಂದು, ಓದಿದ ಮೇಲೆ ಸಂಘದ ಕಪಾಟಿಗೆ ಕೊಟ್ಟರೆ, ನೂರು ಮನೆಯ ಸಂಘಕ್ಕೆ ಒಂದು ಬೇಸಗೆಯಲ್ಲಿ ಹತ್ತಿರ ಹತ್ತಿರ ನಾನೂರು ಪುಸ್ತಕ ಬಂದಾವು. ಆ ಸಣ್ಣ ಊರಿನ ಅಂಗಡಿಯವರು ಮುಂದಿನ ವರ್ಷ ಸ್ಟೂಲು ಹತ್ತಬೇಕಾಗಲಾರದು. ಮೇಲಿನ ಕಪಾಟಿನ ಪುಸ್ತಕಗಳನ್ನು ಕೈಗೆಟಕುವಲ್ಲಿ ತಂದಿಟ್ಟಾರು.

ನಿಮ್ಮ ದಾರಿ ಕರಾವಳಿಯದಾಗಿರಬೇಕೆಂದಿಲ್ಲ. ಹೈದರಾಬಾದಿನವರಿಗೆ ಕಲಬುರಗಿ ಉಂಟು, ಪುಣೆಯವರಿಗೆ ಧಾರವಾಡ ಉಂಟು, ಚೆನ್ನೈಯವರಿಗೆ ಮೈಸೂರು ಉಂಟು. ಯಾವ ಊರಿನ ಯಾವ ಬೀದಿಯಲ್ಲಿ ಒಳ್ಳೆಯ ಕನ್ನಡ ಪುಸ್ತಕದಂಗಡಿ ಕಂಡಿತು, ಮಕ್ಕಳು ಏನನ್ನು ಆರಿಸಿದರು ಎಂಬುದನ್ನು ಒಂದು ಕಾಗದ ಬರೆದು ನಮಗೆ ತಿಳಿಸಿರಿ. ಸಾಧ್ಯವಾದರೆ ಆ ಕಾಗದವನ್ನು ಮಕ್ಕಳ ಕೈಯಿಂದಲೇ ಬರೆಸಿರಿ. ಒತ್ತಕ್ಷರ ಅತ್ತಿತ್ತ ಆಗಿದ್ದರೂ ಚಿಂತೆಯಿಲ್ಲ, ನಾವು ಓದಿಕೊಳ್ಳುತ್ತೇವೆ.